ಮಾಣಿಗೆ, ಆನ್‌ಲೈನ್ ಇಂಜಿನಿಯರಿಂಗ್ ವಿಚಾರ

ಡ್ರೆಸ್ಡನ್, ಜರ್ಮನಿ

ಪ್ರೀತಿಯ ಮಾಣಿ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಕರೆಂಟ್ ಹೋಗಿರಬೇಕು, ಅದರ ಹಿಂದೆಯೇ ಟವರ್ರೂ ಹೋಗಿರಬೇಕು. ಮಳೆಗಾಲದಲ್ಲಿ ನಮ್ಮ ಶಿರಸಿ ಕಡೆ ಇದೇನು ಹೊಸದಲ್ಲ ಬಿಡು. ಅದಕ್ಕೇ ಬರೆಯುತ್ತಿದ್ದೇನೆ. ಜಗಲಿಯಲ್ಲಿ ಕುಳಿತು ಅಪ್ಪಯ್ಯನಿಗೂ ಆಯಿಗೂ ಓದಿ ಹೇಳು. ನಿನಗೆ ಬೇಡದ ಸಾಲು ಹಾರಿಸಬೇಡ.

ಮೊದಲು ಆ ಫೋನ್ ಮಾಡಿದವನ ವಿಚಾರ. ನಾಲ್ಕು ವರ್ಷ ಮನೆಯಲ್ಲೇ ಇದ್ದು ಬಿ.ಟೆಕ್., ಕಾಲೇಜಿಗೆ ಹೋಗುವುದೇ ಬೇಡ, ಈ ವಾರ ಕಟ್ಟಿದರೆ ಫೀಸು ಕಡಿಮೆ ಅಂದನಲ್ಲ, ಅವನಿಗೆ ಒಂದು ಪೈಸೆಯನ್ನೂ ಕಳಿಸಬೇಡ. ಇಂಜಿನಿಯರಿಂಗ್ ಡಿಗ್ರಿಯನ್ನು ಪೂರ್ತಿ ಆನ್‌ಲೈನ್‌ನಲ್ಲಿ ಕೊಡಲು, ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಯುಜಿಸಿಯ 2020ರ ನಿಯಮ ಬಿಡುವುದಿಲ್ಲ. ಅದಕ್ಕೂ ಮೊದಲು ಅಂಚೆ ಮೂಲಕ ಇಂಜಿನಿಯರಿಂಗ್ ಕಲಿಸಿದ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. 2017ರ ನವೆಂಬರ್‌ನಲ್ಲಿ ತೀರ್ಪು ಬಂತು. 2001ರಿಂದ 2005ರ ತನಕ ಸೇರಿದವರು ಮತ್ತೆ ಪರೀಕ್ಷೆ ಬರೆದು ಡಿಗ್ರಿ ಉಳಿಸಿಕೊಳ್ಳಬೇಕಾಯ್ತು, ಆಮೇಲೆ ಸೇರಿದವರದ್ದು ರದ್ದೇ ಆಯ್ತು. ಅಷ್ಟು ಹೊತ್ತಿಗೆ ಅವರಲ್ಲಿ ಎಷ್ಟೋ ಜನ ಕೆಲಸಕ್ಕೆ ಸೇರಿ, ಮದುವೆಯಾಗಿ, ಸಾಲ ತೀರಿಸುತ್ತಿದ್ದಿರಬೇಕು. ಯೋಚನೆ ಮಾಡು.

ನೀನು ಮನೆ ಬಿಡಲು ಯಾಕೆ ಹಿಂದೆ ಮುಂದೆ ನೋಡುತ್ತಿದ್ದೀಯ ಅಂತ ನನಗೆ ಗೊತ್ತು. ಅಪ್ಪಯ್ಯನ ಮಂಡಿ ನೋವು, ತೋಟದ ಕೆಲಸ. ಅದಕ್ಕೆ ಕೆಳಗೆ ಬರುತ್ತೇನೆ.

ಆನ್‌ಲೈನ್ ಓದು ಅಂದರೆ ಏನು ಅಂತ ನನ್ನನ್ನು ಕೇಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಾನು ನಾಲ್ಕನೇ ಸೆಮಿಸ್ಟರ್. ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇರಲಿಲ್ಲ. ಸೊಪ್ಪಿನ ಬೆಟ್ಟ ಹತ್ತಿ, ಆ ಗೇರುಮರದ ಹತ್ತಿರ ನಿಂತರೆ ಮಾತ್ರ ಸಿಗುತ್ತಿತ್ತು. ನೀನೇ ಕೊಡೆ ಹಿಡಿದು ನಿಲ್ಲುತ್ತಿದ್ದೆ, ನೆನಪಿದೆಯಾ? ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಕಾಲಿಗೆ ಹತ್ತಿದ ಉಂಬಳ ಬಿಡಿಸುತ್ತಾ ಕಂಟ್ರೋಲ್ ಸಿಸ್ಟಮ್ಸ್ ಕೇಳಿದವಳು ನಾನು. ಥಿಯರಿ ಹೇಗೋ ತಲೆಗೆ ಹೋಯ್ತು. ಲ್ಯಾಬ್ ಮಾತ್ರ ವಿಡಿಯೋ. ಮೇಷ್ಟ್ರು ಸರ್ಕ್ಯೂಟ್ ಕಟ್ಟಿ ತೋರಿಸುತ್ತಿದ್ದರು, ನಾವು ರೀಡಿಂಗ್ ಬರೆದುಕೊಳ್ಳುತ್ತಿದ್ದೆವು. ಎಲ್ಲರ ರೆಕಾರ್ಡ್‌ನಲ್ಲೂ ಒಂದೇ ರೀಡಿಂಗ್!

ಇದರ ಬೆಲೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಮೊದಲ ತಿಂಗಳು ಲ್ಯಾಬಿನಲ್ಲಿ ಐದು ವೋಲ್ಟ್ ಬರಬೇಕಾದಲ್ಲಿ ಆಸಿಲೋಸ್ಕೋಪ್, ಅಂದರೆ ಸಿಗ್ನಲ್ಲನ್ನು ಪರದೆ ಮೇಲೆ ತೋರಿಸುವ ಯಂತ್ರ, ಅರ್ಧ ವೋಲ್ಟ್ ತೋರಿಸುತ್ತಿತ್ತು. ಸರ್ಕ್ಯೂಟ್ ಬಿಚ್ಚಿದೆ, ಮತ್ತೆ ಕಟ್ಟಿದೆ, ರೆಸಿಸ್ಟರ್‌ನ ಬಣ್ಣದ ಪಟ್ಟಿಗಳನ್ನು ಮೂರು ಸಲ ಓದಿದೆ. ಒಂದು ಗಂಟೆ ಹೋಯ್ತು. ಲ್ಯಾಬ್ ನೋಡಿಕೊಳ್ಳುವ ಮುದುಕರು ಬಂದರು, ಏನೂ ಹೇಳಲಿಲ್ಲ, ಸರ್ಕ್ಯೂಟಿಗೆ ಮುಟ್ಟಿಸುವ ಪ್ರೋಬಿನ ಹಿಡಿಯ ಮೇಲಿದ್ದ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚಿನ ಮೇಲೆ ಉಗುರು ಇಟ್ಟು ತೋರಿಸಿದರು. ಅದು ಹತ್ತು ಪಟ್ಟಿನ ಕಡೆಗೆ ಇತ್ತು, ಅಂದರೆ ಪ್ರೋಬು ಸಿಗ್ನಲ್ಲಿನ ಹತ್ತರಲ್ಲಿ ಒಂದು ಪಾಲನ್ನಷ್ಟೇ ಒಳಗೆ ಬಿಡುತ್ತಿತ್ತು, ಸ್ಕೋಪಿನ ಸೆಟ್ಟಿಂಗ್ ಮಾತ್ರ ಒಂದು ಪಟ್ಟಿನಲ್ಲೇ ಇತ್ತು. ಇದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ತಿ ಮಾರ್ಕ್ಸ್ ತೆಗೆದವಳು ನಾನು. ಪಕ್ಕದಲ್ಲಿದ್ದ ಹುಡುಗಿಗೆ ನನಗಿಂತ ಜಾಸ್ತಿ ಓದೇನೂ ಗೊತ್ತಿರಲಿಲ್ಲ, ಆದರೆ ಕೈ ಓಡುತ್ತಿತ್ತು. ಯೂಟ್ಯೂಬ್ ನೋಡಿ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಆದವರನ್ನು ನೀನು ನೋಡಿದ್ದೀಯಾ? ಇದೂ ಹಾಗೇ.

ಹಾಗಂತ ಆನ್‌ಲೈನ್ ಬೇಡ ಅನ್ನುತ್ತಿಲ್ಲ. ಎನ್‌ಪಿಟಿಇಎಲ್ ಅಂತ ಆನ್‌ಲೈನ್ ಪಾಠಗಳದ್ದೊಂದು ಇದೆ, 2003ರಲ್ಲಿ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಶುರು ಮಾಡಿದ್ದು. ಪಾಠ ಪುಕ್ಕಟೆ. ಫೀಸು ಪರೀಕ್ಷೆಗೆ ಮಾತ್ರ, ಅದನ್ನು ಸೆಂಟರಿಗೆ ಹೋಗಿಯೇ ಬರೆಯಬೇಕು. ನನ್ನ ಡಿಜಿಟಲ್ ಸರ್ಕ್ಯೂಟ್ಸ್ ಗಟ್ಟಿಯಾದದ್ದು ಅದರಿಂದಲೇ. ಐಐಟಿ ಮದ್ರಾಸ್‌ನವರ ಬಿ.ಎಸ್. ಕೂಡ ಇದೆ. 2020ರಲ್ಲಿ ಡೇಟಾ ಸೈನ್ಸ್ ಕಡೆಯದ್ದು ಶುರುವಾಯ್ತು, 2023ರಲ್ಲಿ ಎಲೆಕ್ಟ್ರಾನಿಕ್ ಸಿಸ್ಟಮ್ಸ್. ಜೆಇಇ ಬೇಕಾಗಿಲ್ಲ, ಅವರದ್ದೇ ಒಂದು ಅರ್ಹತಾ ಪರೀಕ್ಷೆ ಪಾಸಾಗಬೇಕು. ಒಳ್ಳೆಯದೇ. ಆದರೆ ಅದು ಬಿ.ಎಸ್., ಬಿ.ಟೆಕ್. ಅಲ್ಲ. ಇನ್ನೊಂದು ಮಜಾ ಏನು ಗೊತ್ತಾ, ಪಾಠವೆಲ್ಲ ಆನ್‌ಲೈನ್ ಆದರೂ ಎಲೆಕ್ಟ್ರಾನಿಕ್ಸ್‌ನವರನ್ನು ಲ್ಯಾಬಿಗೆ ಅಂತ ಚೆನ್ನೈಗೇ ಕರೆಸುತ್ತಾರೆ. ಅವರಿಗೂ ಗೊತ್ತು. 2022ರಿಂದ ಎರಡು ಡಿಗ್ರಿ ಒಟ್ಟಿಗೆ ಮಾಡಲು ಯುಜಿಸಿ ಒಪ್ಪಿದೆ, ಹಾಗಾಗಿ ಬೇಕಿದ್ದರೆ ಕಾಲೇಜಿನ ಬಿ.ಇ. ಜೊತೆಗೇ ಮಾಡು.

ಮುಂದೆ ಕೆಲಸ ಸಿಗುತ್ತದಾ ಅಂತ ಅಪ್ಪಯ್ಯ ಕೇಳಿದ್ದರು. ಸುಮ್ನೆ ಆಸೆ ಹುಟ್ಟಿಸುವುದಿಲ್ಲ. 2021ರಲ್ಲಿ ನನ್ನ ಸೀನಿಯರ್‌ಗಳು ಎರಡೆರಡು ಆಫರ್ ಕೈಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಎಲ್ಲರೂ ಮನೆಯಿಂದಲೇ ಕೆಲಸ ಮಾಡುವ ಕಾಲ, ಕಂಪನಿಗಳಿಗೆ ಜನ ಸಾಲುತ್ತಿರಲಿಲ್ಲ. ಅದನ್ನೇ ನೋಡಿ ನಾನೂ ಹಾಯಾಗಿದ್ದೆ. 2022ರಲ್ಲಿ ಆಫರ್ ಬಂತು, ಸೇರುವ ದಿನ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು, ಎಂಟು ತಿಂಗಳು. ಕೊನೆಗೆ ಅದರ ಆಸೆ ಬಿಟ್ಟು ಇಲ್ಲಿಗೆ ಅರ್ಜಿ ಹಾಕಿದೆ. ಆಗಷ್ಟೇ ನಮ್ಮವರಿಗೆ ಎಪಿಎಸ್, ಅಂದರೆ ಓದಿನ ಕಾಗದಗಳು ಸರಿಯಿವೆ ಅಂತ ಜರ್ಮನಿಯವರು ನೋಡಿ ಕೊಡುವ ಸರ್ಟಿಫಿಕೇಟ್, ಕಡ್ಡಾಯ ಆಗಿತ್ತು, ಹತ್ತನೇ ಕ್ಲಾಸಿನಿಂದ ಎಲ್ಲ ಕಾಗದ ಹುಡುಕಿ ಆಯಿ ಅಟ್ಟವನ್ನೇ ಅಡಿಮೇಲು ಮಾಡಿದ್ದಳು. ಮಾನ್ಯತೆ ಇಲ್ಲದ ಡಿಗ್ರಿ ಆಗಿದ್ದರೆ ಅಲ್ಲೇ ನಿಲ್ಲುತ್ತಿದ್ದೆ.

ಇಲ್ಲೂ ಎಲ್ಲ ಹೂವಿನ ಹಾಸಿಗೆ ಅಲ್ಲ. ಈ ಊರು ಚಿಪ್ ಮಾಡುವ ಊರು. ತೈವಾನಿನ ಟಿಎಸ್‌ಎಂಸಿ, ಬಾಷ್, ಇನ್ಫಿನಿಯನ್, ಎನ್‌ಎಕ್ಸ್‌ಪಿ ಸೇರಿ 2024ರಲ್ಲಿ ಇಲ್ಲೊಂದು ಹೊಸ ಫ್ಯಾಕ್ಟರಿಗೆ ಗುದ್ದಲಿ ಪೂಜೆ ಮಾಡಿದ್ದಾರೆ. ಆದರೂ ಅರ್ಜಿ ಹಾಕಿದಲ್ಲೆಲ್ಲ ಜರ್ಮನ್ ಬರುತ್ತದಾ ಅಂತಲೇ ಮೊದಲು ಕೇಳುತ್ತಾರೆ. ಕಾರಿನ ಭಾಗ ಮಾಡುವ ಕಡೆ ಜನರನ್ನು ಕೆಲಸದಿಂದ ತೆಗೆಯುತ್ತಲೂ ಇದ್ದಾರೆ.

ನನ್ನ ಮಾತು ಕೇಳುವುದಾದರೆ, ಸಿಇಟಿಯಲ್ಲಿ ಮಾಜಾಳಿಯ ಸರ್ಕಾರಿ ಕಾಲೇಜನ್ನು ಮೇಲೆ ಹಾಕು. ದೇವಿಮನೆ ಘಟ್ಟ ಇಳಿದರೆ ಕುಮಟಾ, ಅಲ್ಲಿಂದ ಅಂಕೋಲಾ, ಕಾರವಾರ, ಕಾಳಿ ನದಿ ದಾಟಿದರೆ ಆಯ್ತು. ಆಯಿ, ಸೇತುವೆ ಅಂದ ಕೂಡಲೇ ಹೆದರಬೇಡ, 2024ರಲ್ಲಿ ಬಿದ್ದದ್ದು ಹಳೇದು, ಈಗ ಬಸ್ಸು ಹೋಗುವುದು ಹೊಸದರ ಮೇಲೆ. ಡಿಗ್ರಿ ಮುಗಿಸಿ ಗೇಟ್ ಪರೀಕ್ಷೆ ಬರೆದರೆ ಅಣುವಿದ್ಯುತ್ ಮಾಡುವ ಎನ್‌ಪಿಸಿಐಎಲ್‌ಗೂ ಅರ್ಜಿ ಹಾಕಬಹುದು, ಅವರ ಕೈಗಾ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಗೇ ಹಾಕುತ್ತಾರೆ ಅಂತ ಹೇಳಲಾರೆ, ಆದರೆ ಸಿಕ್ಕರೆ ಹಬ್ಬಕ್ಕೆ ಮನೆಗೆ ಬರಲು ವಿಮಾನ ಹತ್ತಬೇಕಾಗಿಲ್ಲ, ನನ್ನ ಹಾಗೆ.

ತೋಟದ್ದು ನನಗೆ ಬಿಡು. ಕೊಳೆ ಔಷಧಿ ಹೊಡೆಯಲು, ಕೊನೆ ಕೊಯ್ಯಲು ಕೊನೆಗೌಡನ ಕೂಲಿ ಈ ವರ್ಷದಿಂದ ನಾನು ಕಳಿಸುತ್ತೇನೆ. ಅಪ್ಪಯ್ಯ ಬೇಡ ಅನ್ನುತ್ತಾರೆ, ಆಯಿಯ ಖಾತೆಗೆ ಹಾಕುತ್ತೇನೆ. (ಈ ಸಾಲು ಬೇಕಾದರೆ ಹಾರಿಸು.)

ಆ ಏಜೆಂಟ್ ಕಳಿಸಿದ ಕಾಗದದ ಫೋಟೋ ಇವತ್ತೇ ಕಳಿಸು, ಗೇರುಮರದ ಹತ್ತಿರ ಹೋಗಾದರೂ ಸರಿ. ಮುಂದಿನ ತಿಂಗಳು ನನ್ನ ಗೆಳತಿ ಬೆಂಗಳೂರಿನಿಂದ ಬರುತ್ತಾಳೆ, ಅವಳ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿ. ಮುಚ್ಚಳಕ್ಕೆ ಎರಡು ಸುತ್ತು ಪ್ಲಾಸ್ಟಿಕ್ ಕಟ್ಟಿ, ಹೋದ ಸಲ ಅವಳ ಸ್ವೆಟರ್ ಎಲ್ಲ ಎಣ್ಣೆ ಆಗಿತ್ತು.

ನಿನ್ನ
ಅಕ್ಕ