ಕಬ್ಬನ್ ಪಾರ್ಕಿನಲ್ಲಿ ನಮ್ಮ ಕಡೆಯವರು

ಕೋಲಾರ

ಪ್ರೀತಿಯ ಮಂಜು,

ದಸರಾ ರಜೆಗೆ ಮಕ್ಕಳನ್ನು ಕಬ್ಬನ್ ಪಾರ್ಕಿಗೆ ಕರ್ಕೊಂಡು ಹೋಗಬೇಕು, ಮರ ಬಿಟ್ಟರೆ ಅಲ್ಲಿ ಇನ್ನೇನಿದೆ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ. ಅದಕ್ಕೇ ಈ ಪತ್ರ. ಮೊನ್ನೆ ಅಕ್ಕನ ಮಕ್ಕಳ ಜೊತೆ ನಾನೂ ಹೋಗಿ ಬಂದೆ. ಬೆಂಗಳೂರು ನೋಡೋಕೆ ಅಂತ ಹೋದವನಿಗೆ ಅಲ್ಲಿ ಸಿಕ್ಕಿದ್ದೆಲ್ಲ ನಮ್ಮ ಕಡೆಯವರೇ ಕಣೋ.

ಮೊದಲು ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಆ ಕಬ್ಬನ್ ಸಾಹೇಬನನ್ನೇ ತಗೋ. ಪಾರ್ಕು ಅವನು ಮಾಡಿಸಿದ್ದಲ್ಲ. 1870ರಲ್ಲಿ ಮಾಡಿಸಿದ್ದು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಅಷ್ಟು ಹೊತ್ತಿಗೆ ಕಬ್ಬನ್ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. 1927ರಲ್ಲಿ ಚಾಮರಾಜೇಂದ್ರ ಪಾರ್ಕ್ ಅಂತ ಹೊಸ ಹೆಸರಿಟ್ಟರು. ಜನರ ಬಾಯಿಗೆ ಮಾತ್ರ ಅದು ಬರಲೇ ಇಲ್ಲ. ಬದುಕಿದ್ದಾಗ ಈ ಕಬ್ಬನ್ ಬೇಸಿಗೆ ಕಳೆಯೋಕೆ ಬಂಗಲೆ ಕಟ್ಟಿಸಿಕೊಂಡಿದ್ದು ಎಲ್ಲಿ ಗೊತ್ತಾ? ನಿಮ್ಮ ನಂದಿ ಬೆಟ್ಟದ ಮೇಲೆ!

ನೀನು ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಬಾ, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ. ನಾವು ಟಿನ್ ಫ್ಯಾಕ್ಟರಿ ಹತ್ತಿರ ಬಸ್ ಇಳಿದು ಮೆಟ್ರೊ ಹತ್ತಿದೆವು. ಭಾನುವಾರವಾದರೆ ಪಾರ್ಕಿನ ಒಳಗೆ ವಾಹನ ಬಿಡುವುದಿಲ್ಲ, ಮಕ್ಕಳ ಕೈ ಬಿಟ್ಟು ನಡೀಬಹುದು. ಸೋಮವಾರ ಬೇಡ, ಸರ್ಕಾರಿ ಮ್ಯೂಸಿಯಂಗೆ ಅವತ್ತು ರಜೆ. ಬೇರೆ ದಿನವಾದರೂ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೊರಡು.

ಆ ಮ್ಯೂಸಿಯಂ ಇರೋದು ಕಸ್ತೂರಬಾ ರಸ್ತೆಯಲ್ಲಿ. ಶುರುವಾಗಿದ್ದು 1865ರಲ್ಲಿ, ಪಾರ್ಕಿಗಿಂತಲೂ ಹಳೆಯದು. ಕೆಂಪು ಕಟ್ಟಡ. ಅಲ್ಲಿ ಬೇರೆ ಏನು ನೋಡಿದರೂ ಬಿಟ್ಟರೂ ಸರಿ, ಆತಕೂರಿನ ಕಲ್ಲು ಮಾತ್ರ ಬಿಡಬೇಡ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದಿದ್ದು, ಕ್ರಿ.ಶ. 949ರ ಸುಮಾರಿನದು. ಹೆಚ್ಚಿನವರು ಅದೂ ಒಂದು ಕಲ್ಲು ಅಂತ ಹಾಗೇ ದಾಟಿ ಹೋಗುತ್ತಾರೆ. ಅದರ ಮೇಲೆ ಒಂದು ನಾಯಿ, ಒಂದು ಕಾಡುಹಂದಿ ಕಾದಾಡುತ್ತಿವೆ, ಸುತ್ತ ಹಳಗನ್ನಡದ ಸಾಲುಗಳು. ನಾಯಿಯ ಹೆಸರು ಕಾಳಿ. ತಕ್ಕೋಲದಲ್ಲಿ ರಾಷ್ಟ್ರಕೂಟರು, ಗಂಗರು ಸೇರಿ ಚೋಳರ ಮೇಲೆ ಮಾಡಿದ ಯುದ್ಧದಲ್ಲಿ ಮಣಲೇರ ಅನ್ನುವವನು ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಈ ಪುಣ್ಯಾತ್ಮ ಕೇಳಿದ್ದು ನಾಯಿಯನ್ನ! ಆಮೇಲೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಅದಕ್ಕೆ ಈ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಪೂಜೆ ಮಾಡಬೇಕಾದ ಗೊರವ ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟಲಿ ಅಂತಲೂ ಕೆತ್ತಿಸಿದ್ದಾರೆ. ಅಕ್ಕನ ಚಿಕ್ಕ ಮಗ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಗೆದ್ದಿದ್ದು ಯಾರು ಮಾಮ?" ಅಂದ. ಯಾರೂ ಗೆಲ್ಲಲಿಲ್ಲ ಅಂದರೆ ಒಪ್ಪಲೇ ಇಲ್ಲ. ನಾಯಿಯೇ ಗೆದ್ದಿದ್ದು ಅಂತ ಅವನೇ ತೀರ್ಪು ಕೊಟ್ಟ.

ಇದರಲ್ಲಿ ನಮ್ಮ ಕಡೆಯವರು ಯಾರು ಅಂತೀಯಾ? ಆ ಯುದ್ಧದಲ್ಲಿ ಚೋಳರ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಗಂಗರ ದೊರೆ ಬೂತುಗ. ಗಂಗರ ಮೊದಲ ರಾಜಧಾನಿ ಕುವಳಾಲ, ಅಂದರೆ ನಮ್ಮ ಕೋಲಾರ. ತಲಕಾಡಿಗೆ ಹೋದ ಮೇಲೂ ಅವರು ಬಿರುದು ಬಿಡಲಿಲ್ಲ: 'ಕುವಳಾಲಪುರವರೇಶ್ವರ, ನಂದಗಿರಿನಾಥ'. ಒಂದು ನಮ್ಮೂರು, ಇನ್ನೊಂದು ನಿಮ್ಮ ಬೆಟ್ಟ. ಯಾರ ಊರು ದೊಡ್ಡದು ಅನ್ನುವ ನಮ್ಮಿಬ್ಬರ ಜಗಳ ಅಲ್ಲಿಗೇ ತೀರಿತು ಬಿಡು.

ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ. ಮುದ್ದೇನಹಳ್ಳಿಯವರ ಬಗ್ಗೆ ನಿನಗೆ ನಾನು ಹೇಳಬೇಕಾ? 1962ರಲ್ಲಿ ನೆಹರೂ ಈ ಕಟ್ಟಡ ಉದ್ಘಾಟಿಸಿದರು, ಸರ್ ಎಂವಿ ತೀರಿಕೊಂಡು ಆಗಿನ್ನೂ ಮೂರು ತಿಂಗಳು. ಇಲ್ಲಿ ಹಿಡಿ ತಿರುಗಿಸಬಹುದು, ಗುಂಡಿ ಒತ್ತಬಹುದು, ಮುಟ್ಟಬೇಡ ಅನ್ನುವವರು ಕಡಿಮೆ. ಮಕ್ಕಳನ್ನು ಎಬ್ಬಿಸಿ ಹೊರಗೆ ತರುವುದೇ ಕಷ್ಟ. ರೈಟ್ ಸಹೋದರರ ವಿಮಾನದ ಪ್ರತಿರೂಪವನ್ನು ಅಳತೆಗೆ ಅಳತೆ ಮಾಡಿಟ್ಟಿದ್ದಾರೆ. ಅದರ ಚೈನನ್ನು ಮಕ್ಕಳಿಗೆ ತೋರಿಸು. ಎಂಜಿನ್‌ನಿಂದ ಫ್ಯಾನ್‌ಗೆ ಶಕ್ತಿ ಹೋಗುವುದು ಚೈನಿನಲ್ಲೇ. ಸೈಕಲ್ ಅಂಗಡಿ ನಡೆಸುತ್ತಿದ್ದವರಿಗೆ ಇನ್ನೇನು ಹೊಳೀಬೇಕು ಹೇಳು? ಓಡಿಸುವವನು ಹೊಟ್ಟೆ ಅಡಿಯಾಗಿ ಮಲಗಬೇಕಿತ್ತು. 1903ರಲ್ಲಿ ಮೊದಲ ಸಲ ಹಾರಿದ್ದು 12 ಸೆಕೆಂಡ್.

ಅಲ್ಲಿಂದ ಪಾರ್ಕಿನ ಒಳಗೆ ನಡೆದರೆ, ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಹೆಸರಿನ ಮೆಮೋರಿಯಲ್ ಹಾಲ್. ಈಗ ಅದು ಕೇಂದ್ರ ಗ್ರಂಥಾಲಯ, ಮುಂದೆ ಗುಲಾಬಿ ತೋಟ, ದಿವಾನರ ಪ್ರತಿಮೆ. ಎಲ್ಲರೂ ಅಲ್ಲಿ ಗುಲಾಬಿಗೆ ಫೋಟೊ ಹೊಡೆಯುತ್ತಾರೆ. ನಾನು ಮಾತ್ರ ಪ್ರತಿಮೆಗೆ ಕೈ ಮುಗಿದೆ. ಶಿವನಸಮುದ್ರದ ಕರೆಂಟಿನ ಯೋಜನೆ ಶುರು ಮಾಡಿಸಿದವರು ಅವರು. 1902ರಲ್ಲಿ ಆ ಕರೆಂಟು ಮೊದಲು ಬಂದಿದ್ದು ನಮ್ಮ ಕೆಜಿಎಫ್ ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ನಮ್ಮ ಚಿನ್ನಕ್ಕೋಸ್ಕರ ಎಳೆದ ತಂತಿ ಅದು, ನಮ್ಮ ಮೇಲಿನ ಪ್ರೀತಿಗಲ್ಲ, ಗೊತ್ತು. ಆದರೂ ಬೆಂಗಳೂರಿನವರ ಮುಂದೆ ಹೇಳಿಕೊಳ್ಳೋಕೆ ಒಂದು ಮಾತು ಇರಲಿ ಅಲ್ವಾ?

ಹೈಕೋರ್ಟ್ ಇರುವ ಅಠಾರಾ ಕಚೇರಿ ಕಟ್ಟಡವನ್ನು ಹೊರಗಿಂದ ನೋಡಿದರೆ ಸಾಕು. ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಒಂದು ಸುತ್ತು ಹಾಕು. ಬಾಲಭವನದ ಪುಟಾಣಿ ರೈಲನ್ನು ಕೊನೆಗೆ ಇಟ್ಟುಕೋ. ಮೊದಲೇ ಹತ್ತಿಸಿದರೆ ಆಮೇಲೆ ಯಾವ ಕಲ್ಲನ್ನೂ ಮಕ್ಕಳು ನೋಡುವುದಿಲ್ಲ. ಬಿದಿರು ಮೆಳೆಗಳ ಕೆಳಗೆ ನೆರಳು ಚೆನ್ನಾಗಿದೆ, ಮಧ್ಯಾಹ್ನ ಸುಮ್ನೆ ಕಾಲು ಚಾಚಿ ಕೂತುಕೋ. ನಾವು ಬದುಗಳ ಮೇಲೆ ಹಾಕುತ್ತೇವಲ್ಲ ಸಿಲ್ವರ್ ಮರ, ಅದರ ಹಳೇ ಮರಗಳು ಅಲ್ಲಿವೆ. ಕಾಂಡ ನೋಡಿದರೆ ನಮ್ಮ ಹೊಲದವು ಕಡ್ಡಿ ಅನಿಸುತ್ತೆ.

ಎಲ್ಲವನ್ನೂ ಒಂದೇ ದಿನ ಮುಗಿಸುತ್ತೇನೆ ಅಂತ ಹೊರಡಬೇಡ. ಎರಡು ಮ್ಯೂಸಿಯಂಗೇ ಮಕ್ಕಳ ಕಾಲು ಸೋಲುತ್ತೆ. ಬುತ್ತಿ ಕಟ್ಟಿಸಿಕೊಂಡು ಹೋಗು, ನೀರು ಜಾಸ್ತಿ ಇರಲಿ. ಹೊರಡುವ ದಿನ ಗೊತ್ತಾದ ಕೂಡಲೇ ಫೋನ್ ಮಾಡು, ನಾನೂ ಬರುತ್ತೇನೆ. ಅಕ್ಕನ ಮಗನಿಗೆ ಕಾಳಿಯನ್ನು ಇನ್ನೊಂದು ಸಲ ನೋಡಬೇಕಂತೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ರವಿ