ಮನೆಮಾತು ಬಿಡಿ ಎನ್ನಬೇಡಿ

ಸಂಪಾದಕರಿಗೆ,

ಆರು ತಿಂಗಳು ನಾನು ಮೊಮ್ಮಗನ ಹತ್ತಿರ ಬಾಯಿಬಿಡಲಿಲ್ಲ. ಮುನಿಸಲ್ಲ. ‘ಮನೆಯಲ್ಲಿ ಕೊಡವ ತಕ್ಕ್, ಕನ್ನಡ, ಇಂಗ್ಲಿಷ್ ಎಲ್ಲ ಕಲಸುಮೇಲೋಗರ, ಅದಕ್ಕೇ ಮಗುವಿಗೆ ಮಾತು ಬಂದಿಲ್ಲ. ಇನ್ನು ಇಂಗ್ಲಿಷ್ ಒಂದೇ ಸಾಕು’ ಎಂದು ನರ್ಸರಿಯೊಂದರಲ್ಲಿ ಅಪ್ಪಣೆಯಾಗಿತ್ತು. ನನಗೆ ಬರುವ ಇಂಗ್ಲಿಷ್ ‘ಕಮ್’, ‘ಗೋ’, ‘ಸಿಟ್’. ಅಷ್ಟನ್ನು ನಮ್ಮ ನಾಯಿಗೂ ಹೇಳುತ್ತೇನೆ.

ಹುಡುಗನಿಗೆ ಆಗ ಎರಡೂವರೆ ವರ್ಷ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಗೇಟಿನಾಚೆ ಜೀಪಿನ ಸದ್ದಾದರೆ ಓಡುತ್ತಿದ್ದ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ನನ್ನ ಮಣಿಕಟ್ಟು ಹಿಡಿದು ಎಳೆದೊಯ್ದು ನನ್ನ ಕೈಯನ್ನೇ ಬಿಸ್ಕತ್ತಿನ ಡಬ್ಬಿಯ ಮೇಲೆ ಇಡುವನು. ಕಣದಲ್ಲಿ ಕಾಫಿ ಹಣ್ಣುಗಳನ್ನು ಒಂದರ ಹಿಂದೆ ಒಂದು ಸಾಲಿಟ್ಟುಕೊಂಡು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಗಂಡುಮಕ್ಕಳಿಗೆ ಮಾತು ತಡ ಎಂದು ಎಲ್ಲರಂತೆ ನಾನೂ ಹೇಳಿದ್ದೆ, ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೆ. ಅದಕ್ಕೆ ಮುಂಚಿನ ಒಂದು ವರ್ಷ ಹಾಗೆ ಕಳೆದದ್ದು ನನ್ನ ತಪ್ಪು.

ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮೊದಲು ಕಿವಿ ಪರೀಕ್ಷೆ. ಕಿವಿ ಚೆನ್ನಾಗಿಯೇ ಇತ್ತು. ಆಮೇಲೆ ಆಟಿಸಂ ಎಂದರು; ಮಾತು, ಬೇರೆಯವರ ಜೊತೆಗಿನ ಒಡನಾಟ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿಯಂತೆ. ನಾನು ಕೇಳಿದ್ದು ಒಂದೇ: ಇವನ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಲಿ? ನಿಮಗೆ ಸಲೀಸಾಗಿ ಬರುವುದರಲ್ಲಿ ಎಂದರು. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಬರುವುದಿಲ್ಲ. ಅದಿರುವ ಮಕ್ಕಳ ಮಾತು ಅದರಿಂದ ಇನ್ನಷ್ಟು ಹಿಂದೆ ಬೀಳುವುದೂ ಇಲ್ಲವಂತೆ. ಬಸ್ಸಿನಲ್ಲಿ ವಾಪಸು ಬರುವಾಗ ಹುಣಸೂರು ದಾಟುವವರೆಗೂ ಮಾತಾಡಿದೆ. ಅವನು ಕಿಟಕಿ ನೋಡುತ್ತಿದ್ದ.

ಅಲ್ಲಿ ಕಲಿಸಿದ್ದು ಸಣ್ಣ ಸಂಗತಿಗಳು. ಇದೇನು, ಅದೇನು ಎಂದು ಪೀಡಿಸದೆ ಅವನು ನೋಡುತ್ತಿರುವುದರ ಹೆಸರನ್ನೇ ಹೇಳುವುದು. ಒಂದು ಮಾತು ಹೇಳಿ ಸುಮ್ಮನೆ ಕಾಯುವುದು. ಈ ಕಾಯುವುದೇ ಕಷ್ಟ. ನಾನು ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ.

ಈಗ ನಾಲ್ಕು ವರ್ಷ. ಲೋಟ ಹಿಡಿದು ಬಂದು ‘ಪಾಲ್ ಬೋಂಡುವಾ’ ಎನ್ನುತ್ತಾನೆ. ಹಾಲು ಬೇಕಾ ಎಂದು ನಾನು ಕೇಳುವುದನ್ನೇ ತಿರುಗಿಸಿ ಹೇಳುವುದು. ನೆಂಟರೊಬ್ಬರು ಗಿಳಿಪಾಠ ಎಂದರು. ಗಿಳಿ ಲೋಟ ತರುತ್ತದೆಯೇ? ಈಗ ಹಾಲು ಕೊಡುವಾಗ ಅವನ ಪರವಾಗಿ ನಾನೇ ‘ಪಾಲ್ ಬೋಂಡು’ (ಹಾಲು ಬೇಕು) ಎನ್ನುತ್ತೇನೆ, ಹಾಗೆ ಹೇಳಿಕೊಡಿ ಎಂದು ಸಂಸ್ಥೆಯವರು ಹೇಳಿದ್ದಾರೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ನಮ್ಮ ಅಂಗನವಾಡಿಗಳಿಗೆ ಬಂದಾಗ ತೂಕ, ಎತ್ತರದ ಜೊತೆಗೆ ಮಗು ಹೆಸರಿಗೆ ತಿರುಗುತ್ತದೆಯೇ, ಬೆರಳು ಮಾಡುತ್ತದೆಯೇ, 16 ತಿಂಗಳಾದರೂ ಒಂದು ಪದ ಆಡಿಲ್ಲವೇ ಎಂದು ಮನೆಯ ಅಜ್ಜಿಯರನ್ನೂ ವಿಚಾರಿಸಲಿ. ಮಾತಿನ ತರಬೇತಿ ಕೊಡುವವರು ತಾಲ್ಲೂಕಿಗೊಬ್ಬರಾದರೂ ಇರಲಿ. ಮಡಿಕೇರಿಯಿಂದಲೇ ಮೈಸೂರು ಸುಮಾರು 120 ಕಿ.ಮೀ., ನಮ್ಮದು ಅದಕ್ಕೂ ಆಚೆ. ಆಟಿಮಳೆಯಲ್ಲಿ ವಾರವಾರ ಮಗುವನ್ನು ಕರೆದುಕೊಂಡು ಹೋಗಿಬರುವುದು ಆಗದ ಕೆಲಸ. ಮತ್ತೆ ನರ್ಸರಿಯವರೇ, ಅಜ್ಜಿಯರ ಬಾಯಿ ಕಟ್ಟಬೇಡಿ.

– ಒಬ್ಬ ಅಜ್ಜಿ, ನಾಪೋಕ್ಲು