ಕೊಲಂಬೋಗೆ ಹೊರಟ ಗೆಳೆಯನಿಗೆ, ಕಾರ್ಡಿನಲ್ ರಂಜಿತ್ ಕುರಿತು

ಪ್ರೀತಿಯ ಮಂಜು,

ಕೊಲಂಬೋಗೆ ಟಿಕೆಟ್ ಆಗಿದೆ, ಹೊರಡುವುದರೊಳಗೆ ಅಲ್ಲಿಯ ಕಥೋಲಿಕ ಕಾರ್ಡಿನಲ್ ಬಗ್ಗೆ ಒಂದಿಷ್ಟು ಬರೆದು ಕಳಿಸು ಅಂದಿದ್ದೀಯ. ಟೀವಿಯಲ್ಲಿ ನೀನು ಅವರನ್ನು ನೋಡಿದ್ದು 2019ರ ಏಪ್ರಿಲ್‌ನಲ್ಲಿ, ಬಾಂಬ್ ಸಿಡಿದ ಚರ್ಚುಗಳ ಮುಂದೆ. ಅಲ್ಲಿಂದಲೇ ಶುರು ಮಾಡಿದರೆ ಮನುಷ್ಯ ಅರ್ಧ ಮಾತ್ರ ಅರ್ಥವಾಗುತ್ತಾರೆ. ಮಾಲ್ಕಮ್ ರಂಜಿತ್ ಮೊದಲಿನಿಂದಲೂ ನಿಯಮದ ಮನುಷ್ಯ. ಬರೆದಿಟ್ಟ ಸೂಚನೆಯನ್ನು ಸಾಲು ಸಾಲಾಗಿ ಓದಿ, ಇದನ್ನು ಪಾಲಿಸಬೇಕಾದವರು ಯಾರು, ಯಾಕೆ ಪಾಲಿಸಲಿಲ್ಲ ಎಂದು ಕೇಳುವವರು. ಈ ಗುಣಕ್ಕಾಗಿ ಚರ್ಚಿನೊಳಗೆ ಅವರನ್ನು ಬೈದವರಿದ್ದಾರೆ. ಬಾಂಬ್ ದಾಳಿಯ ನಂತರ ಸರ್ಕಾರದ ಮುಂದೆ ನಿಲ್ಲಲು ಅವರ ಕೈಯಲ್ಲಿದ್ದದ್ದೂ ಇದೇ ಗುಣ.

ಪೂರ್ತಿ ಹೆಸರು ಆಲ್ಬರ್ಟ್ ಮಾಲ್ಕಮ್ ರಂಜಿತ್ ಪಟಬೆಂದಿಗೆ ದೊನ್. ಆ ‘ದೊನ್’ ಪೋರ್ಚುಗೀಸರ ಕಾಲದ ಗುರುತು, ನಮ್ಮ ಕರಾವಳಿಯ ಡಿಸೋಜ, ಪಿಂಟೊಗಳಿದ್ದಂತೆ. ಹುಟ್ಟಿದ್ದು 1947ರ ನವೆಂಬರ್ 15ರಂದು, ಕುರುನೆಗಲ ಜಿಲ್ಲೆಯ ಪೊಲ್ಗಹವೆಲದಲ್ಲಿ. ಕ್ಯಾಂಡಿ ಹತ್ತಿರದ ಅಂಪಿಟಿಯ ಗುರುಮಠದಲ್ಲಿ, ಅಂದರೆ ಪಾದ್ರಿಗಳಾಗುವವರ ವಿದ್ಯಾಲಯದಲ್ಲಿ ಓದಿ, ಅಲ್ಲಿಂದ ರೋಮ್‌ಗೆ ಹೋದರು. 1975ರ ಜೂನ್ 29ರಂದು ಸಂತ ಪೇತ್ರರ ಚೌಕದಲ್ಲಿ ಆರನೇ ಪೌಲ್ ಪೋಪರ ಕೈಯಿಂದಲೇ ಗುರುದೀಕ್ಷೆ. ಆಮೇಲೆ ರೋಮ್‌ನಲ್ಲೂ ಜೆರುಸಲೇಮಿನಲ್ಲೂ ಬೈಬಲ್ ಅಧ್ಯಯನ. 1991ರಲ್ಲಿ ಕೊಲಂಬೋದ ಸಹಾಯಕ ಧರ್ಮಾಧ್ಯಕ್ಷ (ಬಿಷಪ್), 1995ರಲ್ಲಿ ಹೊಸದಾಗಿ ಹುಟ್ಟಿದ ರತ್ನಪುರ ಧರ್ಮಕ್ಷೇತ್ರದ ಮೊದಲ ಧರ್ಮಾಧ್ಯಕ್ಷ. ರತ್ನಪುರ ಹೆಸರಿಗೆ ತಕ್ಕಂತೆ ನೀಲಮಣಿ ತೆಗೆಯುವ ಸೀಮೆ, ಕಥೋಲಿಕರು ಬೆರಳೆಣಿಕೆಯಷ್ಟು. ದೇಶ ಪೂರ್ತಿ ಲೆಕ್ಕ ಹಾಕಿದರೂ ನೂರಕ್ಕೆ ಎಪ್ಪತ್ತರಷ್ಟು ಬೌದ್ಧರು, ಕಥೋಲಿಕರು ಆರರಷ್ಟು. ಅವರ ಒಂದೊಂದು ಮಾತನ್ನು ತೂಗುವಾಗಲೂ ಈ ಲೆಕ್ಕ ನೆನಪಿರಲಿ.

ಮುಂದೆ ರೋಮ್ ಅವರನ್ನು ಬಿಡಲಿಲ್ಲ. 2001ರಲ್ಲಿ ಸುವಾರ್ತಾ ಪ್ರಸಾರದ ಕಚೇರಿಗೆ ಕರೆಸಿಕೊಂಡಿತು. 2004ರಲ್ಲಿ ಇಂಡೋನೇಷ್ಯಾ ಮತ್ತು ಪೂರ್ವ ಟಿಮೋರ್‌ಗೆ ಪೋಪರ ರಾಯಭಾರಿ. 2005ರ ಡಿಸೆಂಬರ್‌ನಲ್ಲಿ ಹದಿನಾರನೇ ಬೆನೆಡಿಕ್ಟ್ ಅವರನ್ನು ದೈವಾರಾಧನೆಯ ಇಲಾಖೆಗೆ ಕಾರ್ಯದರ್ಶಿ ಮಾಡಿದರು. ಪೂಜೆ ಹೇಗೆ ನಡೆಯಬೇಕು, ಸಂಸ್ಕಾರಗಳನ್ನು ಹೇಗೆ ಕೊಡಬೇಕು ಎಂಬುದೆಲ್ಲ ಆ ಇಲಾಖೆಯ ಕೆಲಸ. ಅವರು ಅಲ್ಲಿದ್ದಾಗಲೇ, 2007ರಲ್ಲಿ, ಹಳೆಯ ಲ್ಯಾಟಿನ್ ಪೂಜೆಗೆ ಬೆನೆಡಿಕ್ಟ್ ವಿಶಾಲವಾಗಿ ಅನುಮತಿ ಕೊಟ್ಟದ್ದು. ರಂಜಿತ್ ಅದರ ಪರವಾಗಿ ಬಹಿರಂಗವಾಗಿ ನಿಂತರು, ಅಡ್ಡಿಮಾಡುತ್ತಿದ್ದ ಧರ್ಮಾಧ್ಯಕ್ಷರನ್ನು ಟೀಕಿಸಿದರು.

2009ರ ಜೂನ್ 16ರಂದು ಕೊಲಂಬೋದ ಮಹಾಧರ್ಮಾಧ್ಯಕ್ಷರಾಗಿ ನೇಮಕವಾಗಿ ಊರಿಗೆ ಮರಳಿದ ಮೇಲೆ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಒಂದು ಪರಮಪ್ರಸಾದದ ಶಿಸ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊರಗಿನವರಿಗೆ ಇದು ಸಣ್ಣ ವಿಷಯವಾಗಿ ಕಾಣುತ್ತದೆ. ಪೂಜೆಯಲ್ಲಿ ಗುರು ಕೊಡುವ ಆ ತೆಳ್ಳನೆಯ ಬಿಳಿ ರೊಟ್ಟಿ ಅರ್ಪಣೆಯಾದ ಮೇಲೆ ಕ್ರಿಸ್ತನ ಶರೀರವೇ ಎಂಬುದು ಕಥೋಲಿಕ ವಿಶ್ವಾಸ, ಅದರ ಒಂದು ಕಣದಲ್ಲೂ ಕ್ರಿಸ್ತ ಪೂರ್ತಿಯಾಗಿದ್ದಾನೆ. ಅಂಗೈಯಲ್ಲಿ ತೆಗೆದುಕೊಂಡರೆ ಪುಡಿ ಅಂಗೈಗೆ ಅಂಟುತ್ತದೆ, ನೆಲಕ್ಕೆ ಬೀಳುತ್ತದೆ. ಸಾಲು ಉದ್ದವಾದಾಗ ಯಾರು ಬಾಯಿಗೆ ಹಾಕಿಕೊಂಡರು, ಯಾರು ಜೇಬಿಗಿಳಿಸಿದರು ಎಂದು ನೋಡಲಾಗದು. ಮಂಡಿಯೂರಿದವನ ನಾಲಿಗೆಯ ಮೇಲೆ ಇಟ್ಟು, ಗದ್ದದ ಕೆಳಗೆ ಚಿಕ್ಕ ಲೋಹದ ತಟ್ಟೆ ಹಿಡಿದರೆ ಈ ಎರಡು ತೊಂದರೆಯೂ ತಪ್ಪುತ್ತದೆ. ತಟ್ಟೆಗೆ ಬಿದ್ದ ಪುಡಿ ಕಡೆಗೆ ಬಟ್ಟಲಿಗೆ ಸೇರುತ್ತದೆ. ತಮ್ಮ ಮಹಾಧರ್ಮಕ್ಷೇತ್ರದಲ್ಲಿ ಹೀಗೇ ಆಗಬೇಕೆಂದು ಅವರು ಸೂಚನೆ ಹೊರಡಿಸಿದರು. ಬೇರೆ ಧರ್ಮಗಳ ವಿಧಿ, ಗುರುತುಗಳನ್ನು ಪೂಜೆಯೊಳಗೆ ತರಬಾರದು ಎಂಬುದೂ ಅದರಲ್ಲಿತ್ತು. 2010ರ ಆಗಸ್ಟ್‌ನಿಂದ ಒಂದು ವರ್ಷವನ್ನು ದೇಶದಲ್ಲಿ ಪರಮಪ್ರಸಾದದ ವರ್ಷವಾಗಿ ಆಚರಿಸಿದರು. ನೆಲದ ಸಂಸ್ಕೃತಿಯನ್ನು ಪೂಜೆಯಲ್ಲಿ ಬೆಸೆಯಬೇಕೆಂದು ದಶಕಗಟ್ಟಲೆ ದುಡಿದ ಗುರುಗಳಿಗೆ ಇದು ಹಿಂದಕ್ಕೆ ಹೋದಂತೆ ಕಂಡಿತು. ಅದಕ್ಕೂ ಮೊದಲು, 1994ರಲ್ಲಿ, ದೇವಶಾಸ್ತ್ರಜ್ಞ ತಿಸ್ಸ ಬಾಲಸೂರಿಯರ ಬರಹವನ್ನು ಪರಿಶೀಲಿಸಿದ ಸಮಿತಿಯ ಮುಖ್ಯಸ್ಥರೂ ಇವರೇ. ಬಾಲಸೂರಿಯರಿಗೆ 1997ರ ಜನವರಿಯಲ್ಲಿ ಬಹಿಷ್ಕಾರ ಬಿತ್ತು, ಒಂದು ವರ್ಷದ ಮೇಲೆ ತೆರವಾಯಿತು. ನನ್ನ ಮಟ್ಟಿಗೆ ಆ ಬಹಿಷ್ಕಾರ ಆಗಬಾರದಿತ್ತು. ಪರಮಪ್ರಸಾದದ ವಿಷಯದಲ್ಲಿ ಮಾತ್ರ ನಾನು ರಂಜಿತ್ ಕಡೆ.

ಕಾರ್ಡಿನಲ್ ಆದದ್ದು 2010ರ ನವೆಂಬರ್ 20ರಂದು. ಅದು ದೀಕ್ಷೆಯಲ್ಲಿ ಇನ್ನೊಂದು ಮೆಟ್ಟಿಲು ಎಂದು ತಿಳಿಯಬೇಡ, ಪೋಪ್ ಕೊಡುವ ಹೊಣೆ ಅದು. ರೋಮ್‌ನಲ್ಲಿ ಒಂದು ಚರ್ಚು ಹೆಸರಿಗೆ ಸಿಗುತ್ತದೆ, ಇವರದು ಲುಚೀನಾದ ಸಂತ ಲೊರೆನ್ಸೊ. ಆ ನಂಟಿನಿಂದಲೇ ದೂರದ್ವೀಪದವನೂ ರೋಮ್‌ನ ಗುರುವರ್ಗಕ್ಕೆ ಸೇರಿ, ರೋಮ್‌ನ ಧರ್ಮಾಧ್ಯಕ್ಷನನ್ನು, ಅಂದರೆ ಪೋಪರನ್ನು ಆರಿಸುವ ಹಕ್ಕು ಪಡೆಯುತ್ತಾನೆ. ಆ ಹಕ್ಕು ಎಂಬತ್ತು ತುಂಬುವವರೆಗೆ ಮಾತ್ರ. ಲಂಕೆಗೆ ಇವರು ಎರಡನೆಯವರು. ಮೊದಲನೆಯವರು ನೆಗೊಂಬೊ ಕಡೆಯ ಥಾಮಸ್ ಕೂರೆ, 1965ರಲ್ಲಿ ಆದವರು. ತೇವತ್ತದ ಲಂಕಾಮಾತೆಯ ದೊಡ್ಡ ಬಸಿಲಿಕ ಕಟ್ಟಿಸಿದ್ದು ಅವರ ಕಾಲದಲ್ಲಿ, 1960ರ ದಶಕದ ಶುರುವಿನಲ್ಲಿ ಸರ್ಕಾರ ಚರ್ಚಿನ ಶಾಲೆಗಳನ್ನು ವಶಪಡಿಸಿಕೊಂಡಾಗ ಎದುರಿಸಬೇಕಾಗಿ ಬಂದದ್ದೂ ಅವರಿಗೇ.

ರಂಜಿತ್ ಎರಡು ಸಲ ಪೋಪರ ಚುನಾವಣೆಯಲ್ಲಿ ಕೂತಿದ್ದಾರೆ, 2013ರಲ್ಲಿ ಮತ್ತು 2025ರಲ್ಲಿ. ಒಳಗೆ ಏನು ನಡೆಯುತ್ತದೆ ಅಂತ ಕೇಳಿದ್ದೆಯಲ್ಲ: ಚೀಟಿಯ ಮೇಲ್ಭಾಗದಲ್ಲಿ ‘ಪರಮಗುರುವಾಗಿ ಆರಿಸುತ್ತೇನೆ’ ಎಂಬರ್ಥದ ಲ್ಯಾಟಿನ್ ಸಾಲು ಅಚ್ಚಾಗಿರುತ್ತದೆ. ಅದರ ಕೆಳಗೆ, ಕೈಬರಹ ಗುರುತು ಸಿಗದಂತೆ, ಒಂದೇ ಹೆಸರು ಬರೆದು ಎರಡು ಮಡಿಕೆ ಮಾಡಬೇಕು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬಲಿಪೀಠದ ತನಕ ನಡೆದು, ಪ್ರಮಾಣ ಹೇಳಿ, ತಟ್ಟೆಯ ಮೇಲಿಟ್ಟು, ತಟ್ಟೆ ಓರೆಮಾಡಿ ಪಾತ್ರೆಗೆ ಬೀಳಿಸಬೇಕು. ಮೊದಲು ಚೀಟಿಗಳನ್ನು ಎಣಿಸುತ್ತಾರೆ. ಮತದಾರರ ಸಂಖ್ಯೆಗೂ ಚೀಟಿಗೂ ತಾಳೆಯಾಗದಿದ್ದರೆ ಬಿಡಿಸಿ ನೋಡದೆ ಎಲ್ಲವನ್ನೂ ಸುಟ್ಟು ಮತ್ತೆ ಮತ ಹಾಕಿಸುತ್ತಾರೆ. ತಾಳೆಯಾದರೆ ಮೂವರು ಒಬ್ಬರಾದ ಮೇಲೊಬ್ಬರು ಓದುತ್ತಾರೆ, ಮೂರನೆಯವರು ಗಟ್ಟಿಯಾಗಿ ಹೆಸರು ಹೇಳಿ, ‘ಆರಿಸುತ್ತೇನೆ’ ಎಂಬ ಪದದ ಮೇಲೇ ಸೂಜಿ ಚುಚ್ಚಿ ಚೀಟಿಗಳನ್ನು ದಾರಕ್ಕೆ ಪೋಣಿಸುತ್ತಾರೆ. 2013ರಲ್ಲಿ 115 ಮಂದಿ, 77 ಮತ ಬೇಕಿತ್ತು, ಐದನೇ ಸುತ್ತಿನಲ್ಲಿ ಫ್ರಾನ್ಸಿಸ್. 2025ರಲ್ಲಿ 133 ಮಂದಿ, 89 ಬೇಕಿತ್ತು, ನಾಲ್ಕನೇ ಸುತ್ತಿನಲ್ಲಿ ಹದಿನಾಲ್ಕನೇ ಲಿಯೊ.

2015ರ ಜನವರಿ 14, ಕೊಲಂಬೋದ ಗಾಲ್ ಫೇಸ್ ಬಯಲು. ಅಂದು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದ ಜೋಸೆಫ್ ವಾಸ್ ನಮ್ಮ ಕಡೆಯವರೂ ಹೌದು. ಗೋವೆಯ ಬೆನವಲಿಯಲ್ಲಿ 1651ರಲ್ಲಿ ಹುಟ್ಟಿದ ಕೊಂಕಣಿ ಗುರು, 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ, ಮಂಗಳೂರು, ಬಸ್ರೂರು, ಗಂಗೊಳ್ಳಿಗಳಲ್ಲಿ ದುಡಿದವರು. ಮುಡಿಪುವಿನ ಗುಡ್ಡದ ಮೇಲಿನ ಪುಣ್ಯಕ್ಷೇತ್ರ ಅವರದೇ. ಡಚ್ಚರು ಕಥೋಲಿಕ ಗುರುಗಳನ್ನು ಲಂಕೆಯಿಂದ ಓಡಿಸಿದ್ದ ಕಾಲದಲ್ಲಿ ಕೂಲಿಯವನ ವೇಷದಲ್ಲಿ 1687ರಲ್ಲಿ ಯಾಳ್ಪಾಣಕ್ಕೆ (ಜಾಫ್ನಾ) ಇಳಿದರು, 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡರು. ಸಂತಪದವಿಗೆ ಎರಡನೆಯ ಪವಾಡ ಬೇಕೆಂಬ ನಿಯಮವನ್ನು ಫ್ರಾನ್ಸಿಸ್ ಅವರಿಗಾಗಿ ಬಿಟ್ಟುಕೊಟ್ಟರು. ಆ ಬಯಲಿಗೆ ಪೋಪರನ್ನು ಕರೆತಂದ ಆತಿಥೇಯ ರಂಜಿತ್. ದೇಶದ ಪರವಾಗಿ ಬರಮಾಡಿಕೊಂಡವರು, ಐದು ದಿನದ ಹಿಂದಷ್ಟೇ ಅಧಿಕಾರ ಹಿಡಿದಿದ್ದ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ.

ಜೋಸೆಫ್ ವಾಸ್ ಹುಟ್ಟಿದ ದಿನ ಏಪ್ರಿಲ್ 21. 2019ರಲ್ಲಿ ಪಾಸ್ಖ (ಈಸ್ಟರ್) ಹಬ್ಬ ಬಿದ್ದದ್ದೂ ಅದೇ ತಾರೀಖಿಗೆ. ಬೆಳಿಗ್ಗೆ 8.45ರ ಆಸುಪಾಸಿನಲ್ಲಿ ಕೊಚ್ಚಿಕಡೆಯ ಸಂತ ಅಂತೋನಿ ಚರ್ಚು, ನೆಗೊಂಬೊ ಬಳಿ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚು, ಮಟ್ಟಕ್ಕಳಪ್ಪಿನ (ಬಟ್ಟಿಕಲೋವಾ) ಝಿಯಾನ್ ಚರ್ಚು, ಕೊಲಂಬೋದ ಮೂರು ದೊಡ್ಡ ಹೋಟೆಲುಗಳು. ಸತ್ತವರು 260ಕ್ಕೂ ಹೆಚ್ಚು, ಕಟುವಾಪಿಟಿಯ ಒಂದರಲ್ಲೇ ನೂರರ ಮೇಲೆ. ಚುನಾವಣೆಯ ಓಡಾಟ ಮುಗಿಸಿ ಪ್ರವಾಸ ಹೋಗಿದ್ದ ನಮ್ಮ ಜೆಡಿಎಸ್ ಕಾರ್ಯಕರ್ತರು ಷಾಂಗ್ರಿ-ಲಾ ಹೋಟೆಲಿನಲ್ಲಿ ತೀರಿಕೊಂಡದ್ದು ನಿನಗೆ ನೆನಪಿರುತ್ತದೆ.

ಮರುಗಳಿಗೆಯಿಂದ ರಂಜಿತ್ ಮುಂದೆ ಎರಡು ಕೆಲಸ. ಒಂದು, ದಾಳಿಕೋರರು ಇಸ್ಲಾಮಿ ಉಗ್ರರಾಗಿದ್ದರಿಂದ, ಮುಸ್ಲಿಮರ ಮೇಲೆ ಕೈಮಾಡದಂತೆ ತಮ್ಮ ಜನರನ್ನು ತಡೆಯುವುದು. ಸಾರ್ವಜನಿಕ ಪೂಜೆಗಳನ್ನು ನಿಲ್ಲಿಸಿ ಮುಂದಿನ ಭಾನುವಾರ ತಮ್ಮ ನಿವಾಸದ ಪ್ರಾರ್ಥನಾಲಯದಿಂದ ಟೀವಿಯಲ್ಲಿ ಪೂಜೆ ಅರ್ಪಿಸಿದರು. ಮೇ 5ರಂದು ನೆಗೊಂಬೊದಲ್ಲಿ ಗಲಾಟೆ ಎದ್ದಾಗ ಒಬ್ಬ ಮುಸ್ಲಿಮನಿಗೂ ನೋವಾಗಕೂಡದೆಂದು ಬೇಡಿಕೊಂಡರು, ಅಲ್ಲಿಗೇ ಹೋಗಿ ಅವರನ್ನು ಕಂಡರು, ಆ ಭಾಗದಲ್ಲಿ ಹೆಂಡ ಮಾರಬಾರದೆಂದರು. ಮುಂದಿನ ವರ್ಷ ಪಾಸ್ಖದ ಪೂಜೆಯಲ್ಲಿ ದಾಳಿಕೋರರನ್ನು ಕ್ಷಮಿಸಿದ್ದೇವೆ ಎಂದರು.

ಎರಡನೆಯ ಕೆಲಸ ಕಾಗದಗಳದ್ದು. ಭಾರತದಿಂದ ಎಚ್ಚರಿಕೆ ಲಂಕೆಯ ಗುಪ್ತಚರ ಇಲಾಖೆಗೆ ಮುಟ್ಟಿದ್ದು ಏಪ್ರಿಲ್ 4ರಂದು. ಕಥೋಲಿಕ ಚರ್ಚುಗಳೂ ಭಾರತದ ಹೈಕಮಿಷನ್ ಕಚೇರಿಯೂ ಗುರಿ ಎಂಬುದು ಅದರಲ್ಲೇ ಇತ್ತು. 9ರಂದು ಪತ್ರ ಪೊಲೀಸ್ ಮುಖ್ಯಸ್ಥರ ಮೇಜಿಗೆ ಬಂತು. 11ರಂದು ಅದು ಗಣ್ಯರ ಭದ್ರತೆ ನೋಡುವ ಕೆಲವು ವಿಭಾಗಗಳಿಗೆ ಹೋಯಿತು. 20ರಂದು ಮತ್ತೊಂದು ಎಚ್ಚರಿಕೆ. ಹದಿನೇಳು ದಿನ ಕಾಗದ ಮೇಜಿನಿಂದ ಮೇಜಿಗೆ ನಡೆದಾಡಿತು, ಚರ್ಚಿಗೆ ಮಾತ್ರ ಬರಲಿಲ್ಲ. ಗೊತ್ತಿದ್ದರೆ ಅಂದಿನ ಪೂಜೆಗಳನ್ನೇ ರದ್ದು ಮಾಡುತ್ತಿದ್ದೆ ಎಂದು ರಂಜಿತ್ ಹೇಳಿದರು. ಅವರ ಪ್ರಶ್ನೆ ಇಷ್ಟೇ, ಅದನ್ನು ಬಿಡದೆ ಕೇಳಿದರು: ಯಾವ ತಾರೀಖಿಗೆ ಯಾರ ಕೈಯಲ್ಲಿತ್ತು, ಮುಂದೆ ಯಾಕೆ ಹೋಗಲಿಲ್ಲ?

ಅಧ್ಯಕ್ಷೀಯ ಆಯೋಗದ ವರದಿ 2021ರ ಫೆಬ್ರವರಿಯಲ್ಲಿ ಬಂತು. ಸಿರಿಸೇನರ ಮೇಲೂ ಕ್ರಿಮಿನಲ್ ಕ್ರಮ ಆಗಬೇಕೆಂಬ ಶಿಫಾರಸು ಅದರಲ್ಲಿತ್ತು, ಜಾರಿ ಆಗಲಿಲ್ಲ. ರಂಜಿತ್ ಮಾರ್ಚ್ 7ನ್ನು ಕಪ್ಪು ಭಾನುವಾರ ಎಂದು ಘೋಷಿಸಿದರು, ಜನ ಕಪ್ಪು ಉಟ್ಟು ಪೂಜೆಗೆ ಬಂದರು. ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸರಿಗೆ ಒಂದು ತಿಂಗಳ ಗಡುವಿಟ್ಟು ಉದ್ದದ ಪತ್ರ, ಸಮಾಧಾನದ ಉತ್ತರ ಬಾರದಾಗ ಆಗಸ್ಟ್ 21ರಂದು ಕಪ್ಪು ಬಾವುಟ. 2022ರ ಫೆಬ್ರವರಿಯಲ್ಲಿ ಪೊಲೀಸ್ ಮುಖ್ಯಸ್ಥ ಮತ್ತು ರಕ್ಷಣಾ ಕಾರ್ಯದರ್ಶಿಯಾಗಿದ್ದವರು 855 ಆರೋಪಗಳಿಂದ ಖುಲಾಸೆಯಾದರು. ಮಾರ್ಚ್‌ನಲ್ಲಿ ರಂಜಿತ್ ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯ ಮುಂದೆ ನಿಂತರು. ಕೊನೆಗೆ 2023ರ ಜನವರಿ 12ರಂದು, ಹನ್ನೆರಡು ಮೂಲಭೂತ ಹಕ್ಕಿನ ಅರ್ಜಿಗಳ ಮೇಲೆ ಲಂಕೆಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಸಿರಿಸೇನ ಸ್ವಂತ ಹಣದಿಂದ 10 ಕೋಟಿ ರೂಪಾಯಿ, ಪೊಲೀಸ್ ಮತ್ತು ಗುಪ್ತಚರ ಮುಖ್ಯಸ್ಥರಾಗಿದ್ದವರು ತಲಾ ಏಳೂವರೆ ಕೋಟಿ, ರಕ್ಷಣಾ ಕಾರ್ಯದರ್ಶಿ 5 ಕೋಟಿ, ರಾಷ್ಟ್ರೀಯ ಗುಪ್ತಚರದ ಮುಖ್ಯಸ್ಥ 1 ಕೋಟಿ ಸಂತ್ರಸ್ತರಿಗೆ ಕೊಡಬೇಕು. ಎಲ್ಲ ಲಂಕೆಯ ರೂಪಾಯಿ.

ಜಿನೀವಾದ ವಿಷಯದಲ್ಲಿ ಒಂದನ್ನು ಮುಚ್ಚಿಡಬಾರದು. 2009ರಲ್ಲಿ ಮುಗಿದ, ತಮಿಳು ಹುಲಿಗಳ ವಿರುದ್ಧದ ಯುದ್ಧದ ಕೊನೆಯ ಹಂತದ ಸಾವುಗಳಿಗೆ ಹೊಣೆ ಯಾರು ಎಂದು ಇದೇ ಮಂಡಳಿ ಕೇಳುತ್ತಿದ್ದಾಗ ರಂಜಿತ್ ಅದನ್ನು ಹೊರಗಿನವರ ಹಸ್ತಕ್ಷೇಪವೆಂದು ವಿರೋಧಿಸಿದ್ದರು. 2018ರಲ್ಲಂತೂ ಮಾನವ ಹಕ್ಕು ಪಾಶ್ಚಾತ್ಯರ ಹೊಸ ಧರ್ಮವಾಗಿದೆ ಎಂದಿದ್ದರು, ಆಮೇಲೆ ವಿವರಣೆ ಕೊಟ್ಟರು. ಯುದ್ಧ ಮುಗಿದ ನಂತರದ ವರ್ಷಗಳಲ್ಲಿ ಮನ್ನಾರಿನ ಧರ್ಮಾಧ್ಯಕ್ಷ ರಾಯಪ್ಪು ಜೋಸೆಫ್ ಕಾಣೆಯಾದ ತಮಿಳರ ಲೆಕ್ಕ ಕೇಳುತ್ತಾ ಬಹುಮಟ್ಟಿಗೆ ಒಂಟಿಯಾಗಿ ನಿಂತರು. ಚರ್ಚಿನ 2019ರ ಸಾವಿಗೆ ಕೇಳಿದ ಪ್ರಶ್ನೆಯನ್ನು 2009ರ ಸಾವಿಗೆ ಯಾಕೆ ಕೇಳಲಿಲ್ಲ ಎಂದರೆ ನನ್ನ ಹತ್ತಿರ ಸಮರ್ಥನೆಯಿಲ್ಲ. ಅವರ ಮೇಲೆ ಗೌರವವಿದ್ದೂ ಇದು ನನ್ನನ್ನು ಕಾಡುತ್ತದೆ.

ಚರ್ಚಿನ ಕಾನೂನಿನಂತೆ 75 ತುಂಬಿದಾಗ ಧರ್ಮಾಧ್ಯಕ್ಷರು ರಾಜೀನಾಮೆ ಪತ್ರ ಕೊಡಬೇಕು. ಇವರಿಗೆ ಅದು 2022ರ ನವೆಂಬರ್‌ನಲ್ಲಿ ತುಂಬಿತು, ಆದರೂ ಪೋಪ್ ಅವರನ್ನು ಮುಂದುವರಿಸಿದರು.

ಈಗ ನಿನ್ನ ಪ್ರಯಾಣದ ಮಾತು. ವಿಮಾನ ಇಳಿಯುವುದು ಕಟುನಾಯಕದಲ್ಲಿ, ನೆಗೊಂಬೊ ಪಕ್ಕದಲ್ಲೇ ಇದೆ. ಹಾಗಾಗಿ ಕೊಲಂಬೋಗೆ ಹೋಗುವ ಮೊದಲೇ ಕಟುವಾಪಿಟಿಯ ನೋಡಿಬಿಡು. ಅಂದು ಹಾರಿಹೋದ ಹೆಂಚಿನ ಚಾವಣಿಯನ್ನು ಸೈನಿಕರು ಮತ್ತೆ ಕಟ್ಟಿಕೊಟ್ಟರು, 2019ರ ಜುಲೈ 21ರಂದು ಪ್ರತಿಷ್ಠೆಯಾಯಿತು. ರಕ್ತ ಚಿಮ್ಮಿದ್ದ ಪುನರುತ್ಥಿತ ಕ್ರಿಸ್ತನ ಪ್ರತಿಮೆಯನ್ನು ತೊಳೆಯದೆ ಹಾಗೇ ಉಳಿಸಿದ್ದಾರೆ. ಕೊಚ್ಚಿಕಡೆಗೆ ಮಂಗಳವಾರ ಹೋಗು. ಅಂದು ಸಂತ ಅಂತೋನಿಯ ಪ್ರಾರ್ಥನೆಗೆ ಹಿಂದೂಗಳೂ ಬೌದ್ಧರೂ ಬಂದು ಮೇಣದಬತ್ತಿ ಹಚ್ಚುತ್ತಾರೆ, ಜನಜಂಗುಳಿ ಇರುತ್ತದೆ, ಬೆಳಿಗ್ಗೆ ಬೇಗ ತಲುಪಿದರೆ ಒಳ್ಳೆಯದು. ಒಳಗೆ ಹೋಗುವ ಮೊದಲು ಗೋಪುರದ ಗಡಿಯಾರದ ಕಡೆ ಒಮ್ಮೆ ತಲೆಯೆತ್ತಿ ನೋಡು. ದಾಳಿಯ ನಂತರದ ಚಿತ್ರಗಳಲ್ಲಿ ಅದರ ಮುಳ್ಳು 8.45ರಲ್ಲೇ ನಿಂತಿತ್ತು.

ನಿನ್ನ
ಗೆಳೆಯ